ಭೀಮಾ ತೀರದ ರಸ್ತೆಗಳ ಸಂಖ್ಯೆ ಓದುವುದು ಹೇಗೆ

ಕಲಬುರಗಿ ನಗರದಿಂದ ಹೊರಡುವ ಹಾದಿಗಳಿಗೆ ಜನ ಇಟ್ಟ ಹೆಸರುಗಳು ಸರಳ: ಆಳಂದ ರಸ್ತೆ, ಅಫಜಲಪುರ ರಸ್ತೆ, ಜೇವರ್ಗಿ ರಸ್ತೆ, ಸೇಡಂ ರಸ್ತೆ, ಹುಮನಾಬಾದ್ ರಸ್ತೆ. ಐದು ದಿಕ್ಕು, ಐದು ಹೆಸರು. ಲೋಕೋಪಯೋಗಿ ಇಲಾಖೆಯ ಕಡತ ತೆರೆದರೆ ಈ ಲೆಕ್ಕ ತಪ್ಪುತ್ತದೆ. ಊರಿನ ಒಂದು ತುದಿಯ ಆಳಂದ ರಸ್ತೆ, ಇನ್ನೊಂದು ತುದಿಯ ಸೇಡಂ ರಸ್ತೆ ಎರಡೂ ಅಲ್ಲಿ ಒಂದೇ ರಸ್ತೆ. ಅದು ರಾಜ್ಯ ಹೆದ್ದಾರಿ 10. ಅದರ ಕಚೇರಿ ಹೆಸರು ವಾಗ್ದರಿ–ರಿಬ್ಬನಪಲ್ಲಿ ರಸ್ತೆ. ವಾಗ್ದರಿ ಇರುವುದು ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನಲ್ಲಿ, ನಮ್ಮ ಗಡಿಗೆ ಅಂಟಿಕೊಂಡು; ರಿಬ್ಬನಪಲ್ಲಿ ಇರುವುದು ಸೇಡಂನ ಆಚೆ, ತೆಲಂಗಾಣದ ಗಡಿಯಲ್ಲಿ. ನಡುವೆ ಬರುವ ಆಳಂದ, ಕಲಬುರಗಿ, ಸೇಡಂ ಎಂಬ ಮೂರು ದೊಡ್ಡ ಊರುಗಳ ಹೆಸರು ಶೀರ್ಷಿಕೆಯಲ್ಲೇ ಇಲ್ಲ. ಹಾಗೆಯೇ ಜೇವರ್ಗಿ ರಸ್ತೆ, ಹುಮನಾಬಾದ್ ರಸ್ತೆ ಎರಡೂ ಸೇರಿ ರಾಷ್ಟ್ರೀಯ ಹೆದ್ದಾರಿ 50. ಆಳಂದದಲ್ಲಿ ನಿಂತವರಿಗೆ ಆಳಂದ ರಸ್ತೆ ಎಂಬುದೇ ಇಲ್ಲ. ಅಲ್ಲಿ ಅದೇ ಡಾಂಬರು ಕಲಬುರಗಿ ರಸ್ತೆಯಾಗುತ್ತದೆ, ಹಿರೋಳಿ ಕಡೆ ತಿರುಗಿದರೆ ಅಕ್ಕಲಕೋಟೆ ಹಾದಿಯಾಗುತ್ತದೆ. ಈ ಗೊಂದಲಕ್ಕೆ ಜನರ ಅಜ್ಞಾನವನ್ನು ದೂರುವುದು ಸುಲಭ, ಆದರೆ ತಪ್ಪು. ಸಂಖ್ಯೆ ಹುಟ್ಟಿದ್ದು ‘ಈ ರಸ್ತೆ ಯಾರ ಹೊಣೆ’ ಎಂಬ ಪ್ರಶ್ನೆಗೆ ಉತ್ತರವಾಗಿ. ಪ್ರಯಾಣಿಕ ಕೇಳುವುದು ‘ಈ ರಸ್ತೆ ಎಲ್ಲಿಗೆ ಹೋಗುತ್ತದೆ’ ಎಂದು. ಎರಡೂ ಪ್ರಶ್ನೆಗಳಿಗೆ ಒಂದೇ ಫಲಕದಲ್ಲಿ ಉತ್ತರ ಕೊಡಬಹುದು. ಅದಕ್ಕೆ ಸಂಖ್ಯೆಗಳನ್ನು ಬದಲಿಸಬೇಕಿಲ್ಲ, ಅವನ್ನು ನೆಲಕ್ಕೆ ಇಳಿಸಬೇಕು ಎಂಬುದು ಈ ಲೇಖನದ ವಾದ.

ಹೊಣೆಯ ಪ್ರಶ್ನೆಯಿಂದಲೇ ಶುರು ಮಾಡೋಣ. 1943ರಲ್ಲಿ ದೇಶದ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ರಸ್ತೆಗಳನ್ನು ಐದು ದರ್ಜೆಗೆ ಹಂಚಿದರು: ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ (ಆಗ ಪ್ರಾಂತ್ಯದ ಹೆದ್ದಾರಿ), ಜಿಲ್ಲಾ ಮುಖ್ಯ ರಸ್ತೆ, ಇತರ ಜಿಲ್ಲಾ ರಸ್ತೆ, ಗ್ರಾಮ ರಸ್ತೆ. ಇಂದಿಗೂ ನಮ್ಮ ಸಂಖ್ಯೆಗಳೆಲ್ಲ ಈ ಹಂಚಿಕೆಯ ಮೇಲೆಯೇ ನಿಂತಿವೆ. ರಾಷ್ಟ್ರೀಯ ಹೆದ್ದಾರಿಗೆ ದುಡ್ಡು ಕೊಡುವುದು, ಸಂಖ್ಯೆ ಕೊಡುವುದು ಕೇಂದ್ರ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯ ಪಾಲು. ಅದಕ್ಕಿಂತ ಕೆಳಗಿನವು ಸಾಮಾನ್ಯವಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಗೆ ಸೇರುತ್ತವೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ನೆತ್ತಿಯ ಬಣ್ಣ ಇದನ್ನು ಓದು ಬಾರದವರಿಗೂ ಹೇಳುತ್ತದೆ: ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ತಗ್ಗು ಬಿದ್ದ ರಸ್ತೆಯ ಬಗ್ಗೆ ಅರ್ಜಿ ಬರೆಯುವವರಿಗೆ ಇದು ಬಹಳ ಉಪಯೋಗದ ತಿಳಿವಳಿಕೆ. ಹಳದಿ ಕಲ್ಲಿನ ರಸ್ತೆಯ ಅರ್ಜಿ ತಾಲ್ಲೂಕು ಪಂಚಾಯಿತಿಗೆ ಹೋದರೆ ಅದು ಅಲ್ಲಿಯೇ ಕೂತಿರುತ್ತದೆ. ಹೊಲದಂಚಿನಲ್ಲಿ ಮನೆಯನ್ನೋ ಅಂಗಡಿಯನ್ನೋ ಕಟ್ಟುವವರು ರಸ್ತೆಯಿಂದ ಎಷ್ಟು ಜಾಗ ಬಿಡಬೇಕು ಎಂಬುದೂ ಈ ದರ್ಜೆಯ ಮೇಲೆಯೇ ನಿಂತಿದೆ.

ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗೆ ಒಂದು ನಿಯಮವಿದೆ, ಮತ್ತು ಅದು ಬಹುಪಾಲು ಓದುಗರು ತಿಳಿದಿರುವುದಕ್ಕಿಂತ ಅರ್ಥವತ್ತಾಗಿದೆ. ಮೊದಲು ಅಂಥ ನಿಯಮ ಇರಲಿಲ್ಲ. ಹಳೆಯ ಎನ್‌ಎಚ್ 4, ಎನ್‌ಎಚ್ 7, ಎನ್‌ಎಚ್ 13ಗಳನ್ನು ನೋಡಿ ದಿಕ್ಕು ಊಹಿಸುವುದು ಸಾಧ್ಯವಿರಲಿಲ್ಲ. 2010ರ ಮಾರ್ಚ್ 5ರ ಅಧಿಸೂಚನೆ ಅದನ್ನು ಬದಲಿಸಿತು. ಉತ್ತರ–ದಕ್ಷಿಣವಾಗಿ ಸಾಗುವ ರಸ್ತೆಗೆ ಸಮಸಂಖ್ಯೆ. ಅದು ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಏರುತ್ತದೆ. ಪೂರ್ವ–ಪಶ್ಚಿಮವಾಗಿ ಸಾಗುವ ರಸ್ತೆಗೆ ಬೆಸಸಂಖ್ಯೆ. ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ನಮ್ಮ ಭಾಗದಲ್ಲಿಯೇ ಇದನ್ನು ಪರೀಕ್ಷಿಸಬಹುದು. ಕಲಬುರಗಿಯ ಪೂರ್ವಕ್ಕೆ, ತೆಲಂಗಾಣದ ಮಹಬೂಬನಗರದ ಕಡೆ 44 ಇದೆ. ಬೀದರ್, ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರ, ಹೊಸಪೇಟೆಗಳ ಮೂಲಕ ಚಿತ್ರದುರ್ಗಕ್ಕೆ ಇಳಿಯುವುದು 50. ಸೊಲ್ಲಾಪುರದಿಂದ ವಿಜಯಪುರಕ್ಕೆ ಬಂದು ಹುಬ್ಬಳ್ಳಿ ದಾಟಿ ಅಂಕೋಲಾ ಮುಟ್ಟುವುದು 52. ಕರಾವಳಿಯಲ್ಲಿ 66. ಸಂಖ್ಯೆ ಸಾಲಾಗಿ ಏರುತ್ತದೆ. ಪುಣೆ–ಸೊಲ್ಲಾಪುರ–ಹುಮನಾಬಾದ್–ಹೈದರಾಬಾದ್ ರಸ್ತೆ ಪೂರ್ವ–ಪಶ್ಚಿಮವಾದ್ದರಿಂದ ಹಳೆಯ 9 ಹೋಗಿ ಬೆಸಸಂಖ್ಯೆಯ 65 ಬಂತು. ಜೇವರ್ಗಿಯವರಿಗೆ ಪರಿಚಿತವಾಗಿದ್ದ, ಹುಬ್ಬಳ್ಳಿಯಿಂದ ವಿಜಯಪುರ, ಕಲಬುರಗಿ ಮೂಲಕ ಹುಮನಾಬಾದ್‌ಗೆ ಹೋಗುತ್ತಿದ್ದ 218 ಎರಡು ತುಂಡಾಗಿ 52 ಮತ್ತು 50ರಲ್ಲಿ ಕರಗಿತು. ನಿಯಮ ಎಲ್ಲ ಕಡೆ ಹೊಂದುತ್ತದೆ ಎಂದಲ್ಲ. ಬೆಳಗಾವಿ–ಹುಬ್ಬಳ್ಳಿಯ 48, ಸಂಖ್ಯೆಯಲ್ಲಿ 50ಕ್ಕಿಂತ ಚಿಕ್ಕದಾಗಿದ್ದರೂ ಅದರ ಪಶ್ಚಿಮಕ್ಕಿದೆ. ದೆಹಲಿಯಿಂದ ಮುಂಬೈ, ಬೆಂಗಳೂರು ಹಾಯ್ದು ಚೆನ್ನೈ ತಲುಪುವ ಅಷ್ಟು ಉದ್ದದ, ಅಷ್ಟು ತಿರುವಿನ ರಸ್ತೆಗೆ ಒಂದೇ ಸಂಖ್ಯೆ ಕೊಟ್ಟರೆ ಎಲ್ಲಿಯಾದರೂ ಸಾಲು ತಪ್ಪಲೇಬೇಕು. ಆದರೂ ಗುರುತಿಲ್ಲದ ಊರಿನಲ್ಲಿ ಸಮ–ಬೆಸ ನೋಡಿ ದಿಕ್ಕು ಅಂದಾಜು ಮಾಡಲು ಈ ನಿಯಮ ಸಾಕು.

ಎರಡಂಕಿಯ ತನಕ ಸರಿ. ಭೀಮಾ ತೀರದಲ್ಲಿ ತಲೆ ತಿರುಗಿಸುವುದು ಮೂರಂಕಿಯ ಸಂಖ್ಯೆಗಳು. ನಿಯಮದ ಪ್ರಕಾರ ಮೂರಂಕಿಯ ಕೊನೆಯ ಎರಡು ಅಂಕಿ ತಾಯಿ ರಸ್ತೆಯನ್ನು ತೋರಿಸುತ್ತವೆ. 150 ಎಂದರೆ 50ರಿಂದ ಕವಲೊಡೆದದ್ದು. ಅದು ಕಲಬುರಗಿಯಿಂದ ಯಾದಗಿರಿ ಕಡೆ ಸಾಗುತ್ತದೆ. ಮುಂದಿನ ಕವಲುಗಳಿಗೆ ಅಕ್ಷರ ಸೇರಿಸುತ್ತಾರೆ. ಹೀಗಾಗಿ 150ಎ ಎಂದರೆ 150ರ ಕವಲು ಎಂದು ಓದುಗರು ಭಾವಿಸುವುದು ಸಹಜ. ಅದು ಹಾಗಲ್ಲ. 150ಎ ಜೇವರ್ಗಿಯಲ್ಲಿ 50ರಿಂದಲೇ ನೇರವಾಗಿ ಹೊರಟು ಶಹಾಪುರ, ಸುರಪುರ, ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಹಿರಿಯೂರು, ನಾಗಮಂಗಲ, ಮೈಸೂರು ದಾಟಿ ಚಾಮರಾಜನಗರದಲ್ಲಿ ನಿಲ್ಲುತ್ತದೆ. ‘ಕವಲು’ ಎನಿಸಿಕೊಂಡ ಈ ರಸ್ತೆಯ ಉದ್ದ 600 ಕಿಲೋಮೀಟರಿಗೂ ಮೇಲು. ರಾಜ್ಯದ ಒಂದು ತುದಿಯ ತೊಗರಿ ನೆಲದಿಂದ ಇನ್ನೊಂದು ತುದಿಯ ರೇಷ್ಮೆ ನೆಲದ ತನಕ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ಅಫಜಲಪುರದ ಮೇಲೆ ಕಲಬುರಗಿಗೆ ಬರುವುದು 150ಇ. ಇವೆರಡರ ನಡುವೆ ಹೊಸದಾಗಿ ಬಂದಿರುವುದು 150ಸಿ: ಸೂರತ್–ಚೆನ್ನೈ ಆರು ಪಥದ ಹೆದ್ದಾರಿಯ ಅಕ್ಕಲಕೋಟೆ–ಕರ್ನೂಲು ಭಾಗ. ಅಫಜಲಪುರ ತಾಲ್ಲೂಕಿನ ಬಡದಾಳದಿಂದ ಜೇವರ್ಗಿ ಕಡೆಯ ಮರಡಗಿ ಎಸ್. ಅಂದೋಲದವರೆಗಿನ ಅದರ ತುಣುಕಿಗೆ 2023ರ ಜನವರಿ 19ರಂದು ಶಂಕುಸ್ಥಾಪನೆ ಆಯಿತು. ಅದು ಹಳೆಯ ರಸ್ತೆಯ ಅಗಲೀಕರಣವಲ್ಲ, ಹೊಲಗಳ ನಡುವೆ ಹೊಸದಾಗಿ ಕಡಿಯುವ ಹಾದಿ.

ಒಂದೇ ಸೀಮೆಯಲ್ಲಿ 150ಎ, 150ಸಿ, 150ಇ ಇರುವುದು ಪ್ರಯಾಣಿಕನಿಗೆ ಸಣ್ಣ ತೊಡಕು, ಭೂಮಿ ಕಳೆದುಕೊಳ್ಳುವ ರೈತನಿಗೆ ದೊಡ್ಡದು. ಭೂಸ್ವಾಧೀನದ ಪ್ರಕಟಣೆಯಲ್ಲಿ ಹೆದ್ದಾರಿಯ ಸಂಖ್ಯೆ, ಇಷ್ಟು ಕಿ.ಮೀ.ಯಿಂದ ಇಷ್ಟು ಕಿ.ಮೀ.ವರೆಗೆ ಎಂಬ ವಿವರ, ಊರು, ಸರ್ವೆ ನಂಬರು ಇರುತ್ತವೆ. ಆಕ್ಷೇಪಣೆ ಸಲ್ಲಿಸಲು ಗೊತ್ತುಪಡಿಸಿದ ಅವಧಿ ಇರುತ್ತದೆ. ಅಫಜಲಪುರದ ಪಕ್ಕದಲ್ಲಿಯೇ ಹಳೆಯ ರಸ್ತೆಯ ಅಗಲೀಕರಣವೂ ಹೊಸ ಹೆದ್ದಾರಿಯ ಸ್ವಾಧೀನವೂ ಮಾತಿನಲ್ಲಿರುವಾಗ, ‘150ರ ನೋಟಿಸ್ ಬಂದಿದೆಯಂತೆ’ ಎಂದು ಬಾಯಿಂದ ಬಾಯಿಗೆ ಹೋಗುವ ಸುದ್ದಿಯಲ್ಲಿ ಆ ಕೊನೆಯ ಅಕ್ಷರವೇ ಉದುರಿಹೋಗುತ್ತದೆ. ಫೋನಿನಲ್ಲಿ ‘ಎ’ ಮತ್ತು ‘ಇ’ ಒಂದರಂತೆ ಇನ್ನೊಂದು ಕೇಳುತ್ತವೆ. ಆದ್ದರಿಂದ ಈ ಭಾಗದಲ್ಲಿ ಹೆದ್ದಾರಿ ಸಂಖ್ಯೆಯನ್ನು ಎಂದೂ ಒಂಟಿಯಾಗಿ ಬರೆಯಬಾರದು. ‘150ಇ, ಕಲಬುರಗಿ–ಅಫಜಲಪುರ–ಅಕ್ಕಲಕೋಟೆ’ ಎಂದು ಬರೆದರೆ ಅಕ್ಷರ ಉದುರಿದರೂ ಊರು ಉಳಿಯುತ್ತದೆ. ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವ ಪ್ರಕಟಣೆಗಳಿಗಾದರೂ ಈ ಶಿಸ್ತು ಬೇಕು.

ರಾಜ್ಯ ಹೆದ್ದಾರಿಗಳಿಗೆ ದಿಕ್ಕಿನ ನಿಯಮ ಇಲ್ಲ. 10ರ ಪಕ್ಕ 11 ಇರಬೇಕೆಂದಿಲ್ಲ. ಅವು ಇನ್ನೂ ಒಂದು ಕಾರಣಕ್ಕೆ ಗಡಿ ತಾಲ್ಲೂಕುಗಳಿಗೆ ತೊಂದರೆ ಕೊಡುತ್ತವೆ: ರಾಜ್ಯದ ಸಂಖ್ಯೆ ರಾಜ್ಯದ ಗಡಿಯಲ್ಲಿ ಮುಗಿಯುತ್ತದೆ. ಆಳಂದದವರಿಗೆ ಅಕ್ಕಲಕೋಟೆ, ಉಮರ್ಗಾ, ಸೊಲ್ಲಾಪುರಗಳು ಪರ ಊರುಗಳಲ್ಲ. ಮದುವೆ, ಆಸ್ಪತ್ರೆ, ಸಂತೆ ಎಲ್ಲದಕ್ಕೂ ಆ ಕಡೆ ಹೋಗುವ ಹಾದಿಗಳಿವೆ. ಆದರೆ ಹಿರೋಳಿ ದಾಟಿದರೆ ಕರ್ನಾಟಕದ 10 ಇಲ್ಲ, ಖಜೂರಿ ದಾಟಿದರೂ ಅಷ್ಟೇ. ಆಚೆ ಮಹಾರಾಷ್ಟ್ರದ ಪಟ್ಟಿ, ಬೇರೆ ಸಂಖ್ಯೆ, ಫಲಕದಲ್ಲಿ ಬೇರೆ ಲಿಪಿ. ಇದು ಇಂದಿನ ಗೆರೆಯಲ್ಲ. ನಾಗಪುರದ ಹಂಚಿಕೆ ನಡೆದ ಕಾಲಕ್ಕೆ ಆಳಂದ, ಅಫಜಲಪುರ, ಜೇವರ್ಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅತ್ತ ಸೊಲ್ಲಾಪುರ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳಾದಾಗ ವಿಜಯಪುರ, ಕಲಬುರಗಿ ಒಂದಾದವು, ಸೊಲ್ಲಾಪುರ ಆಚೆಯೇ ಉಳಿಯಿತು. ಜನರ ಓಡಾಟ ಯಾವಾಗಲೂ ಈ ಗೆರೆಯನ್ನು ದಾಟಿದೆ, ರಾಜ್ಯ ಹೆದ್ದಾರಿಯ ಸಂಖ್ಯೆ ಎಂದೂ ದಾಟಿಲ್ಲ.

ಹಳ್ಳಿ ರಸ್ತೆಗಳ ವಿಷಯ ಇನ್ನೂ ಬೇರೆ. 2000ದ ಡಿಸೆಂಬರ್ 25ರಂದು ಶುರುವಾದ ಗ್ರಾಮ ಸಡಕ್ ಯೋಜನೆ ಪ್ರತಿ ತಾಲ್ಲೂಕಿನ ರಸ್ತೆಗಳ ಪಟ್ಟಿ ಮಾಡಿಸಿತು. ಹಲವು ಊರುಗಳ ಓಡಾಟವನ್ನು ಕೂಡಿಸಿಕೊಂಡು ಹೋಗುವ ಹಾದಿಗೆ ‘ಟಿ’, ಒಂದು ಊರನ್ನು ಅದಕ್ಕೆ ಜೋಡಿಸುವ ಹಾದಿಗೆ ‘ಎಲ್’ ಎಂಬ ಅಕ್ಷರ, ಅದರ ಮುಂದೆ ಒಂದು ಸಂಖ್ಯೆ. ಯೋಚನೆ ಒಳ್ಳೆಯದೇ. ಆದರೆ ಎಣಿಕೆ ಪ್ರತಿ ತಾಲ್ಲೂಕಿಗೆ ಒಂದರಿಂದ ಶುರುವಾಗುತ್ತದೆ. ಆಳಂದಕ್ಕೊಂದು ಟಿ01, ಅಫಜಲಪುರಕ್ಕೊಂದು, ಜೇವರ್ಗಿಗೊಂದು. ತಾಲ್ಲೂಕಿನ ಹೆಸರು ಹೇಳದೆ ಆ ಸಂಖ್ಯೆಗೆ ಅರ್ಥವಿಲ್ಲ. ಜೇವರ್ಗಿಯಿಂದ ಯಡ್ರಾಮಿ ಬೇರೆ ತಾಲ್ಲೂಕಾದ ಮೇಲೆ ಹಳೆಯ ಪಟ್ಟಿಯಲ್ಲಿ ಜೇವರ್ಗಿಯದೆಂದು ಬರೆದ ಹಾದಿಗಳು ಯಡ್ರಾಮಿಯ ನೆಲದಲ್ಲಿವೆ. ಅದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಊರ ಅಗಸಿಯ ಹತ್ತಿರ ನೆಟ್ಟ ಯೋಜನಾ ಫಲಕ. ಅದರಲ್ಲಿ ಕೆಎನ್ ಎಂದು ಶುರುವಾಗುವ ದೊಡ್ಡ ಸಂಖ್ಯೆ ಇರುತ್ತದೆ. ಜನ ಅದನ್ನೇ ರಸ್ತೆಯ ಸಂಖ್ಯೆ ಎಂದುಕೊಂಡು ಅರ್ಜಿಯಲ್ಲಿ ಬರೆಯುತ್ತಾರೆ. ಅದು ಗುತ್ತಿಗೆಯ ಪ್ಯಾಕೇಜ್ ಸಂಖ್ಯೆ. ಅದಕ್ಕೂ ಒಂದು ಉಪಯೋಗವಿದೆ: ಈ ಯೋಜನೆಯಲ್ಲಿ ಕೆಲಸ ಮುಗಿದ ಮೇಲೆ ಐದು ವರ್ಷ ಗುತ್ತಿಗೆದಾರನೇ ರಸ್ತೆ ನೋಡಿಕೊಳ್ಳಬೇಕು, ಮತ್ತು ಆ ಅವಧಿಯಲ್ಲಿ ದೂರು ಕೊಡುವವರಿಗೆ ಪ್ಯಾಕೇಜ್ ಸಂಖ್ಯೆಯೇ ಬೇಕಾಗುತ್ತದೆ. ಐದು ವರ್ಷ ಕಳೆದ ಮೇಲೆ ಅದರ ಕೆಲಸ ಮುಗಿಯಿತು, ಫಲಕ ಮಾತ್ರ ನಿಂತಿರುತ್ತದೆ.

ಇಷ್ಟೆಲ್ಲ ನೋಡಿದವರು ಸಂಖ್ಯೆಯನ್ನೇ ಬಿಟ್ಟು ಜನರ ಹೆಸರುಗಳನ್ನೇ ಒಪ್ಪಿಕೊಂಡರಾಯಿತು ಎನ್ನಬಹುದು. ಆ ವಾದಕ್ಕೆ ಬಲವಿದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತಾಗ ಜನರಿಗೆ ಬೇಕಾಗಿದ್ದ ಸುದ್ದಿ ಯಾವ ಸೇತುವೆ ಮುಳುಗಿದೆ ಎಂಬುದು. ಘತ್ತರಗಿ ಸೇತುವೆ ಎಂದರೆ ಸಾಕು, ಯಾರಿಗೂ ಸಂಖ್ಯೆ ಬೇಡ. ಬಳ್ಳಾರಿ, ಚಿಕ್ಕನಾಯಕನಹಳ್ಳಿ ಕಡೆಯ ಜನ 150ಎಯನ್ನು ಇಂದಿಗೂ ಬೀದರ್–ಶ್ರೀರಂಗಪಟ್ಟಣ ರಸ್ತೆ ಎಂದೇ ಕರೆಯುತ್ತಾರೆ. ಅದು ರಾಜ್ಯ ಹೆದ್ದಾರಿ 19 ಆಗಿದ್ದ ಕಾಲದ ಹೆಸರು. ಸಂಖ್ಯೆ ಹೋಯಿತು, ದರ್ಜೆ ಬದಲಾಯಿತು, ಹೆಸರು ಉಳಿಯಿತು. ಆದರೆ ಹೆಸರಿಗೂ ತನ್ನದೇ ಮೋಸವಿದೆ. ಗಾಣಗಾಪುರದ ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ರೈಲಿನಲ್ಲಿ ಬರುವವರು ಇಳಿಯುವ ನಿಲ್ದಾಣದ ಹೆಸರು ಗಾಣಗಾಪುರ ರೋಡ್; ಅಲ್ಲಿಂದ ದೇವಸ್ಥಾನ 20 ಕಿಲೋಮೀಟರಿಗೂ ಆಚೆ ಇದೆ. ಬ್ಯಾರೇಜ್ ಇರುವ ಸೊನ್ನ ಅಫಜಲಪುರ ತಾಲ್ಲೂಕಿನದು, ಮಠ ಇರುವ ಸೊನ್ನ ಜೇವರ್ಗಿ ತಾಲ್ಲೂಕಿನದು. ಮರಡಗಿಗೆ ‘ಎಸ್. ಅಂದೋಲ’, ಗೊಬ್ಬೂರಿಗೆ ‘ಬಿ’ ಎಂಬ ಬಾಲ ಬಂದಿರುವುದೇ ಒಂದೇ ಹೆಸರಿನ ಊರುಗಳು ಈ ಸೀಮೆಯಲ್ಲಿ ಹಲವಿರುವುದರಿಂದ. ‘ಸೊನ್ನ ರಸ್ತೆಯಲ್ಲಿ ಅಪಘಾತ’ ಎಂದು ಯಾರಾದರೂ ಫೋನು ಮಾಡಿದರೆ ಆಂಬುಲೆನ್ಸ್ ಭೀಮೆಯ ಯಾವ ದಂಡೆಗೆ ಹೋಗಬೇಕು?

ಈ ಪ್ರಶ್ನೆಯ ಹತ್ತಿರ ನಿಂತು ನೋಡಿದಾಗ ಸಂಖ್ಯೆಯ ನಿಜವಾದ ಬೆಲೆ ಗೊತ್ತಾಗುತ್ತದೆ. ರಸ್ತೆಯ ಸಂಖ್ಯೆ ಒಂದು ಎಳೆಯನ್ನು ಗುರುತಿಸುತ್ತದೆ, ಕಿಲೋಮೀಟರ್ ಕಲ್ಲು ಆ ಎಳೆಯ ಮೇಲಿನ ಒಂದು ಬಿಂದುವನ್ನು. ಎರಡೂ ಸೇರಿದರೆ ಭೂಮಿಯ ಮೇಲಿನ ಆ ಜಾಗಕ್ಕೆ ಇನ್ನೊಂದು ಜೊತೆ ಇರಲಾರದು. ‘ಜೇವರ್ಗಿ ದಾಟಿ ಸ್ವಲ್ಪ ಮುಂದೆ’ ಎನ್ನುವುದಕ್ಕೂ ‘50, ನೆಲೋಗಿ ಕ್ರಾಸ್, ಇಷ್ಟನೇ ಕಲ್ಲು’ ಎನ್ನುವುದಕ್ಕೂ ಇರುವ ಅಂತರ ರಾತ್ರಿ ಹೊತ್ತಿನಲ್ಲಿ ಗಾಯಗೊಂಡವರ ಪಾಲಿಗೆ ಬಹಳ ದೊಡ್ಡದು. 108, 112 ಮತ್ತು ರಾಷ್ಟ್ರೀಯ ಹೆದ್ದಾರಿಗಳಿಗಿರುವ 1033, ಯಾವುದಕ್ಕೆ ಕರೆ ಮಾಡಿದರೂ ಮೊದಲು ಬರುವ ಪ್ರಶ್ನೆ ‘ಎಲ್ಲಿದ್ದೀರಿ’ ಎಂಬುದೇ. ಪೊಲೀಸರ ಪಂಚನಾಮೆಗೆ, ವಿಮೆಗೆ, ಪದೇ ಪದೇ ಅಪಘಾತವಾಗುವ ತಿರುವನ್ನು ಗುರುತಿಸಿ ಸರಿಪಡಿಸುವುದಕ್ಕೆ ಬೇಕಾದದ್ದೂ ಇದೇ ವಿವರ. ಆದ್ದರಿಂದ ಕಲ್ಲು ಬಿದ್ದುಹೋದ, ಬಣ್ಣ ಮಾಸಿದ, ಅಗಲೀಕರಣದಲ್ಲಿ ಕಿತ್ತು ಮತ್ತೆ ನೆಡದ ರಸ್ತೆಯನ್ನು ಪೂರ್ತಿಯಾದ ರಸ್ತೆ ಎಂದು ಲೆಕ್ಕಕ್ಕೆ ಹಿಡಿಯಬಾರದು. ಡಾಂಬರಿನ ದಪ್ಪ ಅಳೆದು ಬಿಲ್ಲು ಪಾಸು ಮಾಡುವವರು ಕಲ್ಲುಗಳನ್ನೂ ಎಣಿಸಬೇಕು.

ಮೊಬೈಲಿನಲ್ಲಿ ನಕ್ಷೆ ಇರುವಾಗ ಕಲ್ಲು, ಫಲಕ ಯಾರಿಗೆ ಬೇಕು ಎಂಬುದು ಈಗ ಎಲ್ಲರ ಬಾಯಲ್ಲಿರುವ ಆಕ್ಷೇಪ. ನಕ್ಷೆ ದಾರಿ ತೋರಿಸುತ್ತದೆ ನಿಜ. ಅಕ್ಕಲಕೋಟೆಯಿಂದ ಗಾಣಗಾಪುರಕ್ಕೆ ಹೋಗುವ ಯಾತ್ರಿಕರಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಅದು ಉತ್ತರಿಸುವುದು ಪ್ರಯಾಣಿಕನ ಪ್ರಶ್ನೆಯನ್ನು ಮಾತ್ರ. ಈ ರಸ್ತೆ ಯಾರ ಹೊಣೆ, ಎಷ್ಟನೇ ಕಿಲೋಮೀಟರಿನಲ್ಲಿ ಸೇತುವೆಯ ತಡೆಗೋಡೆ ಮುರಿದಿದೆ ಎಂಬುದನ್ನು ಅದು ಹೇಳುವುದಿಲ್ಲ. ನೆಟ್‌ವರ್ಕ್ ಸಿಗದ ಹೊಲದ ನಡುವೆ ಅದು ಮೂಕ. ಒಂದೇ ಹೆಸರಿನ ಎರಡು ಊರುಗಳಲ್ಲಿ ತಪ್ಪಾದದ್ದನ್ನು ಒತ್ತಿದರೆ ಅದು ತಪ್ಪು ಊರಿಗೇ ನೇರವಾಗಿ ಕರೆದೊಯ್ಯುತ್ತದೆ. ಫೋನು ಕಳೆದುಕೊಂಡವನಿಗೂ, ಬ್ಯಾಟರಿ ಮುಗಿದವನಿಗೂ, ಮೊಬೈಲನ್ನು ಮಾತಿಗೆ ಮಾತ್ರ ಬಳಸುವ ಹಿರಿಯರಿಗೂ ಕಲ್ಲು ಅಲ್ಲಿಯೇ ಇರುತ್ತದೆ.

ಇನ್ನೊಂದು ಆಕ್ಷೇಪ ಎಂಜಿನಿಯರುಗಳ ಕಡೆಯಿಂದ ಬರಬಹುದು: ಇಷ್ಟು ಬಗೆಯ ಪಟ್ಟಿಗಳನ್ನು ಸರಿಪಡಿಸುವ ಬದಲು ಎಲ್ಲವನ್ನೂ ಅಳಿಸಿ ಒಂದೇ ಹೊಸ ಪದ್ಧತಿ ತರಬಾರದೇಕೆ? ಬ್ರಿಟನ್ನಿನಲ್ಲಿ 1920ರ ದಶಕದಲ್ಲಿ ಹಾಗೆ ಮಾಡಿದರು. ದೇಶವನ್ನು ವಲಯಗಳಾಗಿ ಹಂಚಿ, ರಸ್ತೆಯ ಮೊದಲ ಅಂಕಿಯೇ ವಲಯವನ್ನು ಹೇಳುವಂತೆ ಮಾಡಿದರು. ಕಾಗದದ ಮೇಲೆ ಇದು ಚಂದ. ಆದರೆ ನಮ್ಮಲ್ಲಿ 2010ರ ಬದಲಾವಣೆಯ ಅನುಭವ ಎಚ್ಚರಿಕೆ ಹೇಳುತ್ತದೆ. ಹಳೆಯ ಸಂಖ್ಯೆ ಖರೀದಿ ಪತ್ರಗಳಲ್ಲಿ, ಕೋರ್ಟಿನ ಕಡತಗಳಲ್ಲಿ, ಚೆಕ್ಕುಬಂದಿಯ ವಿವರಗಳಲ್ಲಿ, ಜನರ ನಾಲಿಗೆಯ ಮೇಲೆ ಉಳಿದೇ ಉಳಿಯುತ್ತದೆ. ಹೊಸದು ಬಂದರೆ ಗೊಂದಲದ ಮೇಲೆ ಇನ್ನೊಂದು ಪದರ ಅಷ್ಟೇ. ಫ್ರಾನ್ಸಿನಲ್ಲಿ 2006ರಲ್ಲಿ ಕೇಂದ್ರದ ಹೆದ್ದಾರಿಗಳು ಜಿಲ್ಲೆಗಳ ಕೈಗೆ ಬಂದಾಗ ಹಲವು ಜಿಲ್ಲೆಗಳು ಹಳೆಯ ಅಂಕಿಯನ್ನು ಹೊಸದರ ಒಳಗೆ ಉಳಿಸಿಕೊಂಡವು. ಹಳೆಯ 7 ಒಂದು ಕಡೆ 607, ಇನ್ನೊಂದು ಕಡೆ 907 ಆಯಿತು. ಜಿಲ್ಲಾ ಮುಖ್ಯ ರಸ್ತೆಯನ್ನು ರಾಜ್ಯ ಹೆದ್ದಾರಿಗೆ, ರಾಜ್ಯ ಹೆದ್ದಾರಿಯನ್ನು ರಾಷ್ಟ್ರೀಯ ಹೆದ್ದಾರಿಗೆ ಮೇಲ್ದರ್ಜೆಗೇರಿಸುವ ಘೋಷಣೆಗಳು ನಮ್ಮಲ್ಲಿ ಮೇಲಿಂದ ಮೇಲೆ ಬರುತ್ತವೆ. ಪ್ರತಿ ಬಾರಿ ಸಂಖ್ಯೆ ಬದಲಾದಾಗ ಕೆಲವು ವರ್ಷವಾದರೂ ಫಲಕದಲ್ಲಿ ‘ಹಿಂದಿನ ರಾಜ್ಯ ಹೆದ್ದಾರಿ 19’ ಎಂಬಂಥ ಒಂದು ಸಾಲು ಉಳಿಸುವುದು ಆಜ್ಞೆಯ ಭಾಗವೇ ಆಗಬೇಕು.

ಸ್ಥಳೀಯರಿಗೆ ದಾರಿ ಗೊತ್ತೇ ಇರುತ್ತದೆ, ಫಲಕದ ಖರ್ಚು ದಂಡ ಎನ್ನುವವರೂ ಇದ್ದಾರೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರಸ್ತೆಗಳನ್ನು ಬಳಸುವವರು ಸ್ಥಳೀಯರು ಮಾತ್ರವೇ? ಕಬ್ಬಿನ ಕಾಲದಲ್ಲಿ ಭೂಸನೂರ, ಹವಳಗಾ ಕಾರ್ಖಾನೆಗಳ ಕಡೆ ಟ್ರ್ಯಾಕ್ಟರುಗಳ ಸಾಲು, ತೊಗರಿ ರಾಶಿಯಾದ ಮೇಲೆ ಕಲಬುರಗಿ ಮಾರುಕಟ್ಟೆಯಿಂದ ಹೊರರಾಜ್ಯಕ್ಕೆ ಹೋಗುವ ಲಾರಿ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಗಾಣಗಾಪುರಕ್ಕೂ ಘತ್ತರಗಿಯ ಭಾಗ್ಯವಂತಿಗೂ ನಡೆದುಕೊಳ್ಳಲು ಬರುವ ಭಕ್ತರು, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಶಿಕ್ಷಕಿ, ನರ್ಸು, ಆಂಬುಲೆನ್ಸ್ ಚಾಲಕ, ಇವರೆಲ್ಲ ಹೊರಗಿನವರೇ. ಇನ್ನು ಖರ್ಚಿನ ಮಾತು. ಒಂದು ಕಿಲೋಮೀಟರ್ ರಸ್ತೆಗೆ ಆಗುವ ವೆಚ್ಚದ ಮುಂದೆ ಒಂದು ಕಲ್ಲು, ಒಂದು ಫಲಕ ಎಣಿಕೆಗೇ ಬರುವುದಿಲ್ಲ. ಬೇಕಾದದ್ದು ಹಣಕ್ಕಿಂತ ಒಂದು ಒಪ್ಪಂದ: ಕೇಂದ್ರದ, ರಾಜ್ಯದ, ಪಂಚಾಯಿತಿಯ ಎಂಜಿನಿಯರುಗಳು ತಾಲ್ಲೂಕಿಗೊಂದು ಪಟ್ಟಿಯನ್ನು ಕೂಡಿ ಮಾಡಬೇಕು. ಪ್ರತಿ ರಸ್ತೆಯ ಎದುರು ಅದರ ಸಂಖ್ಯೆ, ಹಳೆಯ ಸಂಖ್ಯೆ, ಜನ ಕರೆಯುವ ಹೆಸರು, ನೋಡಿಕೊಳ್ಳುವ ಕಚೇರಿ ಇವಿಷ್ಟು ಇರಲಿ. ಅದನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ತೂಗುಹಾಕಲಿ, ಗಡಿಯ ಊರುಗಳಲ್ಲಿ ಮರಾಠಿಯಲ್ಲೂ ಇರಲಿ. ಆಮೇಲೆ ಕ್ರಾಸ್‌ಗಳಲ್ಲಿ ಫಲಕ ನೆಡುವಾಗ ಊರಿನ ಹೆಸರು ದೊಡ್ಡದಾಗಿ, ಅದರ ಕೆಳಗೆ ಸಂಖ್ಯೆ, ಮೂಲೆಯಲ್ಲಿ ಕಿಲೋಮೀಟರ್ ಬರೆಯಲಿ. ಜೇವರ್ಗಿಯಲ್ಲಿ 50ನ್ನು ಬಿಟ್ಟು 150ಎ ಹೊರಡುವ ಕೂಡುರಸ್ತೆ ಇದನ್ನು ಮೊದಲು ಮಾಡಿ ನೋಡಲು ತಕ್ಕ ಜಾಗ: ಒಂದು ಕೈಗೆ ‘ಸಿಂದಗಿ, ವಿಜಯಪುರ – 50’, ಇನ್ನೊಂದು ಕೈಗೆ ‘ಶಹಾಪುರ, ಬಳ್ಳಾರಿ, ಮೈಸೂರು – 150ಎ, ಹಿಂದಿನ ರಾಜ್ಯ ಹೆದ್ದಾರಿ 19’.